ಕಸದ ಚೀಲ ಅಂದುಕೊಂಡಿದ್ದು ಅಂಚೆ ಚೀಲವಾಯ್ತು

ಎಕ್ಸೋಸೋಮ್ ಅನ್ನೋ ಪದವನ್ನು ನಮ್ಮಲ್ಲಿ ಹೆಚ್ಚಿನವರು ಮೊದಲು ನೋಡಿರೋದು ಜೀವಶಾಸ್ತ್ರದ ಪುಸ್ತಕದಲ್ಲಲ್ಲ, ಇನ್‌ಸ್ಟಾಗ್ರಾಮ್ ಜಾಹೀರಾತಿನಲ್ಲಿ. ಕೂದಲು ಉದುರ್ತಿದೆಯಾ, ಮಂಡಿ ನೋವಾ, ಮುಖದಲ್ಲಿ ಕಲೆಯಾ, ಎಲ್ಲಕ್ಕೂ ಎಕ್ಸೋಸೋಮ್! ಬೋರ್‌ವೆಲ್ ನೀರಲ್ಲಿ ತಲೆಸ್ನಾನ ಮಾಡುವ ಹಾಸ್ಟೆಲ್‌ನವರಿಗಂತೂ ಇಂಥ ಜಾಹೀರಾತು ಸರಿಯಾಗಿ ನಾಟುತ್ತೆ. ಹಾಗಾದ್ರೆ ಇದು ನಿಜಕ್ಕೂ ಏನು, ಎಷ್ಟರ ಮಟ್ಟಿಗೆ ನಂಬಬಹುದು ಅಂತ ನೋಡೋಣ.

ನಮ್ಮ ದೇಹದ ಜೀವಕೋಶಗಳು ಪುಟ್ಟ ಪುಟ್ಟ ಚೀಲಗಳನ್ನು ಹೊರಗೆ ಬಿಡುತ್ತಲೇ ಇರುತ್ತವೆ. ಕೊಬ್ಬಿನ ಎರಡು ಪದರದ ಹೊದಿಕೆ, ಒಳಗೆ ಒಂದಿಷ್ಟು ಪ್ರೋಟೀನ್, ಒಂದಿಷ್ಟು ಆರ್‌ಎನ್‌ಎ. ಗಾತ್ರ ಸುಮಾರು 30ರಿಂದ 150 ನ್ಯಾನೋಮೀಟರ್. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರವೇ ಸುಮಾರು 400 ನ್ಯಾನೋಮೀಟರ್‌ನಿಂದ ಶುರುವಾಗೋದು. ಹಾಗಾಗಿ ಕಾಲೇಜು ಲ್ಯಾಬಿನ ಮೈಕ್ರೋಸ್ಕೋಪಿನಲ್ಲಿ ಇವುಗಳ ಆಕಾರ ನೋಡೋ ಆಸೆ ಬಿಡಬೇಕು.

1983ರಲ್ಲಿ ಎರಡು ಲ್ಯಾಬ್‌ಗಳು ಬೇರೆ ಬೇರೆಯಾಗಿ ಇವನ್ನು ಗಮನಿಸಿದವು. ಕೆನಡಾದಲ್ಲಿ ರೋಸ್ ಜಾನ್‌ಸ್ಟೋನ್ ತಂಡ ಕುರಿಯ ರಕ್ತಕೋಶಗಳಲ್ಲಿ, ಅಮೆರಿಕದಲ್ಲಿ ಫಿಲಿಪ್ ಸ್ಟಾಲ್ ತಂಡ ಇಲಿಯ ರಕ್ತಕೋಶಗಳಲ್ಲಿ. ಎಳೆಯ ಕೆಂಪು ರಕ್ತಕೋಶ ಬಲಿಯುವಾಗ ತನಗಿನ್ನು ಬೇಡವಾದ ಪ್ರೋಟೀನನ್ನು ಚೀಲದಲ್ಲಿ ಕಟ್ಟಿ ಹೊರಗೆ ಎಸೆಯುತ್ತಿತ್ತು. ಸರಿ, ಕಸ ವಿಲೇವಾರಿ ಅಂತ ತುಂಬಾ ಜನ ಸುಮ್ಮನಾದರು. 2007ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಒಂದು ತಂಡ ಇಲಿ ಕೋಶದ ಎಕ್ಸೋಸೋಮ್‌ಗಳನ್ನು ಮನುಷ್ಯನ ಕೋಶಗಳಿಗೆ ಕೊಟ್ಟು ನೋಡಿತು. ಮನುಷ್ಯನ ಕೋಶದೊಳಗೆ ಇಲಿಯ ಪ್ರೋಟೀನ್‌ಗಳು ಸಿಕ್ಕವು! ಅಂದರೆ ಚೀಲದೊಳಗಿನ ಆರ್‌ಎನ್‌ಎ ಓದುವಂಥ ಪತ್ರವೇ ಆಗಿತ್ತು, ತಲುಪಿದ ಮನೆಯವರು ಅದನ್ನು ಓದಿಯೂ ಇದ್ದರು.

ಸ್ಟೆಮ್ ಸೆಲ್‌ಗೂ ಇದಕ್ಕೂ ಏನು ಸಂಬಂಧ? (ಕನ್ನಡದಲ್ಲಿ ಕಾಂಡಕೋಶ, ಆಕರಕೋಶ ಎರಡೂ ಬಳಕೆಯಲ್ಲಿವೆ. ಗಿಡದ ಕಾಂಡ ನೆನಪಾಗದೇ ಇರಲಿ ಅಂತ ನಮ್ಮ ವೋಟು ಆಕರಕೋಶಕ್ಕೆ.) ಅಸ್ಥಿಮಜ್ಜೆಯಿಂದಲೋ ಹೊಕ್ಕುಳಬಳ್ಳಿಯಿಂದಲೋ ತೆಗೆದ ಆಕರಕೋಶಗಳನ್ನು ಚುಚ್ಚಿದರೆ ಅವೇ ಹೋಗಿ ಹೊಸ ಹೃದಯ ಸ್ನಾಯುವಾಗುತ್ತವೆ ಅನ್ನೋದು ಮೊದಲಿನ ಕನಸು. ಆದರೆ ರಕ್ತನಾಳಕ್ಕೆ ಕೊಟ್ಟ ಕೋಶಗಳಲ್ಲಿ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಹಾಕಿಕೊಂಡು ಕೆಲವೇ ದಿನಗಳಲ್ಲಿ ಕಾಣೆಯಾಗುತ್ತಿದ್ದವು. ಆದರೂ ಪ್ರಯೋಗದ ಪ್ರಾಣಿಗಳಲ್ಲಿ ಒಂದಿಷ್ಟು ಗುಣ ಕಾಣುತ್ತಿತ್ತು. ಕೋಶ ಇಲ್ಲ, ಪರಿಣಾಮ ಇದೆ! ಹಾಗಾದರೆ ಕೋಶ ಬಿಟ್ಟುಹೋದ ಏನೋ ಕೆಲಸ ಮಾಡ್ತಿರಬೇಕಲ್ವಾ? 2010ರಲ್ಲಿ ಸಿಂಗಾಪುರದ ಸಾಯ್ ಕಿಯಾಂಗ್ ಲಿಮ್ ತಂಡ ಕೋಶಗಳನ್ನು ಬಿಟ್ಟು ಬರೀ ಎಕ್ಸೋಸೋಮ್ ಕೊಟ್ಟು, ಇಲಿ ಹೃದಯದಲ್ಲಿ ಆಗುವ ಹಾನಿ ಕಡಿಮೆಯಾಗೋದನ್ನು ತೋರಿಸಿತು. ಇವು ಜೀವಂತ ಕೋಶಗಳಲ್ಲ, ವಿಭಜನೆ ಆಗಲ್ಲ. ಹಾಗಾಗಿ ತಾವೇ ಬೆಳೆದು ಗಡ್ಡೆಯಾಗುವ ಭಯ ಇಲ್ಲ. ಕೋಶಗಳಿಗಿಂತ ಕಾಪಿಡೋದೂ ಸುಲಭ. ಆಸೆ ಹುಟ್ಟಿದ್ದು ಸಹಜ.

ಇಲ್ಲಿಂದ ಮುಂದೆ ಇದು ಡಾಕ್ಟರ್‌ಗಳಿಗಿಂತ ಎಂಜಿನಿಯರ್‌ಗಳ ತಲೆನೋವು. ಕೋಶ ಬೆಳೆಸಿದ ದ್ರವದಿಂದ ಈ ಚೀಲಗಳನ್ನಷ್ಟೇ ಬೇರೆ ಮಾಡೋದು ಹೇಗೆ? ಫ್ಲೂಯಿಡ್ ಮೆಕ್ಯಾನಿಕ್ಸ್‌ನ ಸ್ಟೋಕ್ಸ್ ನಿಯಮ ಹಾಕಿ ನೋಡಿದೆವು. 100 ನ್ಯಾನೋಮೀಟರಿನ, ನೀರಿಗಿಂತ ಶೇ. 10ರಷ್ಟು ಹೆಚ್ಚು ಸಾಂದ್ರತೆಯ ಚೀಲ ನೀರಿನಲ್ಲಿ 1 ಸೆಂಟಿಮೀಟರ್ ಕೆಳಗಿಳಿಯಲು ಸುಮಾರು 7 ತಿಂಗಳು ಬೇಕು! ಅದೂ ಅಣುಗಳ ತಳ್ಳಾಟ ಇಲ್ಲ ಅಂದುಕೊಂಡರೆ. ಅದಕ್ಕೇ ಭೂಮಿಯ ಗುರುತ್ವದ 1,00,000 ಪಟ್ಟು ಬಲದಲ್ಲಿ ತಿರುಗಿಸುವ ಅಲ್ಟ್ರಾಸೆಂಟ್ರಿಫ್ಯೂಜ್ ಬೇಕಾಗೋದು. ಆಗ ಅದೇ 1 ಸೆಂಟಿಮೀಟರಿಗೆ 3 ನಿಮಿಷ. ಆದರೆ ವೇಗ ವ್ಯಾಸದ ವರ್ಗಕ್ಕೆ ಅನುಗುಣವಾಗಿರೋದರಿಂದ 50 ನ್ಯಾನೋಮೀಟರಿನ ಚೀಲಕ್ಕೆ ನಾಲ್ಕು ಪಟ್ಟು ಸಮಯ. ಟ್ಯೂಬೂ ಉದ್ದ. ಲ್ಯಾಬ್‌ಗಳಲ್ಲಿ ಒಂದು ಗಂಟೆಗಿಂತ ಹೆಚ್ಚು ತಿರುಗಿಸುತ್ತಾರೆ.

ಇಷ್ಟಾದರೂ ತಳದಲ್ಲಿ ಸಿಗೋದು ಬರೀ ಎಕ್ಸೋಸೋಮ್ ಅಲ್ಲ. ಪ್ರೋಟೀನ್ ಮುದ್ದೆಗಳು, ಇತರ ಕೊಬ್ಬಿನ ಕಣಗಳೂ ಜೊತೆಗೆ ಬರುತ್ತವೆ. ಕೋಶಗಳಿಗೆ ಆಹಾರವಾಗಿ ಹಾಕುವ ಕರುವಿನ ಸೀರಮ್‌ನಲ್ಲೇ ಕರುವಿನ ಎಕ್ಸೋಸೋಮ್‌ಗಳು ಇರುತ್ತವೆ. ಕಣಗಳ ಓಡಾಟ ನೋಡಿ ಎಣಿಸುವ ಯಂತ್ರಗಳಿವೆ. ಆದರೆ ಅವು ಎಷ್ಟು ಕಣ ಅಂತ ಹೇಳುತ್ತವೆ, ಯಾವ ಕಣ ಅಂತಲ್ಲ. ಜಾಹೀರಾತಿನಲ್ಲಿ ‘ಇಷ್ಟು ಕೋಟಿ ಎಕ್ಸೋಸೋಮ್’ ಅಂತ ಕಂಡರೆ ಇದು ನೆನಪಿರಲಿ. ಪ್ರತಿ ಬ್ಯಾಚೂ ಒಂದೇ ಥರ ಬರಬೇಕು ಅನ್ನೋದು ಇನ್ನೂ ದೊಡ್ಡ ಕಷ್ಟ. ಕೋಶ ಬೆಳೆದ ಪರಿಸ್ಥಿತಿ ಬದಲಾದರೆ ಚೀಲದೊಳಗಿನ ಸರಕೂ ಬದಲಾಗುತ್ತೆ.

2019ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ನೆಬ್ರಾಸ್ಕಾ ರಾಜ್ಯದಲ್ಲಿ ಅನುಮೋದನೆ ಇಲ್ಲದ ಎಕ್ಸೋಸೋಮ್ ಚಿಕಿತ್ಸೆ ಪಡೆದ ಹಲವರಿಗೆ ಗಂಭೀರ ತೊಂದರೆಗಳಾಗಿದ್ದವು. ಎಫ್‌ಡಿಎ ಅನುಮೋದಿಸಿದ ಎಕ್ಸೋಸೋಮ್ ಉತ್ಪನ್ನ ಒಂದೂ ಇಲ್ಲ ಅಂತ ಅದು ಆಗಲೇ ಸ್ಪಷ್ಟವಾಗಿ ಹೇಳಿತ್ತು. ನಮ್ಮ ದೇಶದಲ್ಲಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಆಕರಕೋಶಗಳ ಬಗ್ಗೆ ಗಟ್ಟಿಯಾಗೇ ಇದೆ: ರಕ್ತದ ಕಾಯಿಲೆಗಳಂಥವಕ್ಕೆ ಮಾಡುವ ಅಸ್ಥಿಮಜ್ಜೆ ಕಸಿ ಬಿಟ್ಟರೆ ಉಳಿದದ್ದೆಲ್ಲ ಕ್ಲಿನಿಕಲ್ ಟ್ರಯಲ್ ಒಳಗೇ ನಡೆಯಬೇಕು.

ಹಾಗಂತ ಸಂಶೋಧನೆಯೇ ಸುಳ್ಳು ಅಂತಲ್ಲ. ಮಂಡಿ, ಗಾಯ, ಶ್ವಾಸಕೋಶದ ತೊಂದರೆಗಳಿಗೆಲ್ಲ ಪ್ರಯೋಗಗಳು ನಡೀತಿವೆ, ನಮಗೂ ಕುತೂಹಲ ಇದೆ. ಆದರೆ ಮನೆಯಲ್ಲಿ ಯಾರಾದರೂ ಮಂಡಿಗೆ ಎಕ್ಸೋಸೋಮ್ ಇಂಜೆಕ್ಷನ್ ಹಾಕಿಸಿಕೊಳ್ಳೋಕೆ ಹೊರಟರೆ, ಅಡ್ವಾನ್ಸ್ ಕಟ್ಟೋ ಮೊದಲು ಮೂರು ಪ್ರಶ್ನೆ ಕೇಳಿ. ಯಾವ ಕೋಶದಿಂದ ತೆಗೆದದ್ದು? ಶುದ್ಧತೆಯನ್ನು ಯಾವ ಪರೀಕ್ಷೆಯಿಂದ ನೋಡಿದ್ದೀರಿ? ಇದು ಟ್ರಯಲ್ ಆಗಿದ್ದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಎಷ್ಟು? ಆ ಸಂಖ್ಯೆಯನ್ನು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಜಾಲತಾಣದಲ್ಲಿ ಹಾಕಿದರೆ ಆ ಟ್ರಯಲ್ ಯಾರು, ಎಲ್ಲಿ, ಯಾವ ಕಾಯಿಲೆಗೆ ನಡೆಸ್ತಿದ್ದಾರೆ ಅನ್ನೋದೆಲ್ಲ ಪುಕ್ಕಟೆಯಾಗಿ ಸಿಗುತ್ತೆ.