ಬಂಗಲೆಯ ಹಿಂಬಾಗಿಲು



ಕಾಲೇಜಿನ ಪ್ರವಾಸದಲ್ಲಿ ಚಿಕ್ಕಮಗಳೂರಿಗೋ ಮಡಿಕೇರಿಗೋ ಹೋಗಿದ್ದರೆ ನೀವು ಒಂದಾದರೂ ಹಳೆಯ ಎಸ್ಟೇಟ್ ಬಂಗಲೆಯನ್ನು ನೋಡಿರುತ್ತೀರಿ. ಕೆಂಪು ಹೆಂಚು, ಉದ್ದನೆಯ ವರಾಂಡ, ಬೆತ್ತದ ಕುರ್ಚಿಗಳು, ಗೋಡೆಯ ಮೇಲೆ ಕಾಡುಕೋಣದ ಕೊಂಬು. ತೋರಿಸುವವರು ಯಾವುದೋ ದೊರೆಯ ಹೆಸರು ಹೇಳುತ್ತಾರೆ. ನೀವು ಗುಂಪಾಗಿ ನಿಂತು ಫೋಟೋ ತೆಗೆಸಿಕೊಂಡು ಬಸ್ಸು ಹತ್ತುತ್ತೀರಿ. ಏನು ನೋಡಿದೆ ಎಂದು ಮನೆಯಲ್ಲಿ ಕೇಳಿದರೆ ‘ಬ್ರಿಟಿಷರ ಕಾಲದ ಮನೆ’ ಎನ್ನುವುದಕ್ಕಿಂತ ಹೆಚ್ಚಿಗೆ ಹೇಳಲು ಏನೂ ಇರುವುದಿಲ್ಲ.

ಇಂಥ ಮನೆಯನ್ನು ಓದುವುದಕ್ಕೂ ಒಂದು ಕ್ರಮವಿದೆ. ಅದನ್ನು ಕಲಿಯಲು ಘಟ್ಟ ಹತ್ತಬೇಕಾಗಿಲ್ಲ. ಬೆಂಗಳೂರಿನ ಕುಕ್ ಟೌನ್‌ನಲ್ಲಿ ಒಂದು ಬೆಳಗ್ಗೆ ಕಳೆದರೆ ಸಾಕು. ಅಲ್ಲಿ ಕಲಿತದ್ದನ್ನು ಆಮೇಲೆ ಕಾಫಿ ತೋಟಕ್ಕೆ ಒಯ್ಯೋಣ.

ಕುಕ್ ಟೌನ್ ಇರುವುದು ಬೆಂಗಳೂರು ಪೂರ್ವ ರೈಲು ನಿಲ್ದಾಣದ ಬಳಿ, ಫ್ರೇಜರ್ ಟೌನಿಗೆ ಅಂಟಿಕೊಂಡು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಲ್ಲಿದ್ದ ತಮ್ಮ ಸೈನ್ಯವನ್ನು ಹಲಸೂರಿನ ಆಸುಪಾಸಿಗೆ ತಂದು ದಂಡು ಪ್ರದೇಶವನ್ನು ಕಟ್ಟಿದರು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದರೂ ದಂಡು ಮಾತ್ರ 1947ರವರೆಗೆ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲೇ ಉಳಿಯಿತು. ದಂಡು ಬೆಳೆದಂತೆ, 20ನೆಯ ಶತಮಾನದ ಮೊದಲ ದಶಕಗಳಲ್ಲಿ, ಅದರ ಅಂಚಿನಲ್ಲಿ ಹೊಸ ಬಡಾವಣೆಗಳು ಹುಟ್ಟಿಕೊಂಡವು. ಅವುಗಳಲ್ಲಿ ಒಂದಕ್ಕೆ ಅಲ್ಲಿನ ಪುರಸಭೆಯ ಅಧಿಕಾರಿ ಜಿ.ಎಚ್. ಕುಕ್ ಅವರ ಹೆಸರು ಬಂತು. ಮುಂದೆ ಇದಕ್ಕೆ ಸರ್ವಜ್ಞನಗರ ಎಂದು ಹೆಸರಿಟ್ಟರೂ ಜನರ ಬಾಯಲ್ಲಿ ಕುಕ್ ಟೌನೇ ಉಳಿದಿದೆ. ಸರ್ವಜ್ಞ ಬೇಸರಪಟ್ಟುಕೊಳ್ಳಲಾರ, ಬಿಡಿ.

ವ್ಹೀಲರ್ ರಸ್ತೆ, ಹಚಿನ್ಸ್ ರಸ್ತೆ, ಮಿಲ್ಟನ್ ಸ್ಟ್ರೀಟ್ ಕಡೆ ನಡೆಯುತ್ತ ಹೋಗಿ. ಬಹಳಷ್ಟು ಕಡೆ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ. ನಡುನಡುವೆ ಉಳಿದಿರುವ ಒಂದು ಹಳೆಯ ಬಂಗಲೆಯ ಗೇಟಿನ ಮುಂದೆ ಐದು ನಿಮಿಷ ನಿಲ್ಲಿ. ‘ಬಂಗಲೆ’ ಎಂಬ ಮಾತೇ ಬಂಗಾಳದ ಗುಡಿಸಲಿನಿಂದ ಬಂದದ್ದು. ಅಂದರೆ ಈ ಮನೆಯ ಮೂಲ ಲಂಡನ್ನಿನಲ್ಲಿ ಇಲ್ಲ. ಬಿಸಿಲು ಮಳೆಗಳ ನಾಡಿನಲ್ಲಿ ನಮ್ಮ ಜನ ಕಟ್ಟಿಕೊಳ್ಳುತ್ತಿದ್ದ ಇಳಿಜಾರು ಸೂರಿನ ಮನೆಯನ್ನೇ ಬ್ರಿಟಿಷರು ದೊಡ್ಡದು ಮಾಡಿಕೊಂಡರು.

ಈಗ ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ಚಾವಣಿ ಎತ್ತರದಲ್ಲಿದೆ, ಗೋಡೆಯ ನೆತ್ತಿಯಲ್ಲಿ ಪುಟ್ಟ ವೆಂಟಿಲೇಟರುಗಳಿವೆ. ಕೋಣೆಯ ಗಾಳಿ ಬಿಸಿಯಾದಾಗ ಹಿಗ್ಗಿ ಹಗುರವಾಗಿ ಮೇಲೇರುತ್ತದೆ, ವೆಂಟಿಲೇಟರಿನಿಂದ ಹೊರಬೀಳುತ್ತದೆ. ಅದರ ಜಾಗಕ್ಕೆ ಕಿಟಕಿಯಿಂದ ತಂಪು ಗಾಳಿ ಬರುತ್ತದೆ. ಹೈಸ್ಕೂಲಿನಲ್ಲಿ ನೀವು ಓದಿದ ಉಷ್ಣಸಂವಹನವೇ ಇದು. ವಿದ್ಯುತ್ತಿಲ್ಲದ ಕಾಲದಲ್ಲಿ ಇದೇ ಫ್ಯಾನು. ಗಾರೆ ಹಚ್ಚಿದ ದಪ್ಪ ಇಟ್ಟಿಗೆ ಗೋಡೆ ಹಗಲಿನ ಬಿಸಿಯನ್ನು ಹಲವು ಗಂಟೆ ತನ್ನಲ್ಲೇ ಹಿಡಿದಿಟ್ಟುಕೊಂಡು ತಡವಾಗಿ ಒಳಕ್ಕೆ ಬಿಡುತ್ತದೆ. ಕಿಟಕಿಯ ಮೇಲೆ ಮರದ ಪಟ್ಟಿಗಳನ್ನು ಜೋಡಿಸಿದ ಚೂಪು ಟೋಪಿಯಂಥದ್ದು ಕಂಡರೆ ಅದೇ ಬೆಂಗಳೂರಿನ ಹೆಸರಾಂತ ‘ಮಂಕಿ ಟಾಪ್’. ಓರೆಯಾಗಿ ಬೀಳುವ ಮಳೆಯನ್ನೂ ಬಿಸಿಲನ್ನೂ ಅದು ತಡೆಯುತ್ತದೆ, ಪಟ್ಟಿಗಳ ಸಂದಿನಿಂದ ಗಾಳಿಯನ್ನು ಬಿಡುತ್ತದೆ.

ವರಾಂಡ ಉತ್ತರದ ಕಡೆಗೂ ಏಕೆ ಬೇಕು ಎಂದು ನಮ್ಮ ಕಾರ್ಯಕ್ರಮದ ಚರ್ಚೆಯಲ್ಲಿ ಒಬ್ಬ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ಇಂಗ್ಲೆಂಡಿನಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಉತ್ತರದ ಗೋಡೆಗೂ ನೆರಳು ಬೇಕಾಗುವುದು ಅದಕ್ಕೇ.

ಇಲ್ಲಿಯವರೆಗೆ ನೋಡಿದ್ದು ಮುಂಭಾಗ. ಸಾಮಾನ್ಯವಾಗಿ ಪ್ರವಾಸ ಇಲ್ಲಿಗೇ ಮುಗಿಯುತ್ತದೆ. ನಮ್ಮದು ಇಲ್ಲಿಂದ ಶುರು.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಅದಕ್ಕೆ ನಾಲ್ಕು ವರ್ಷ ಮೊದಲು, 1894ರಲ್ಲಿ, ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಈ ರೋಗದ ಬ್ಯಾಕ್ಟೀರಿಯವನ್ನು ಗುರುತಿಸಿದ್ದ. ಇಲಿಯಿಂದ ಇಲಿಗೆ, ಇಲಿಯಿಂದ ಮನುಷ್ಯನಿಗೆ ಅದನ್ನು ಸಾಗಿಸುವುದು ಚಿಗಟ ಎಂಬುದನ್ನು ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲೇ. ಅವನ ಮಾತನ್ನು ವೈದ್ಯಲೋಕ ಒಪ್ಪಿಕೊಳ್ಳಲು ಮತ್ತೂ ಕೆಲವು ವರ್ಷ ಹಿಡಿಯಿತು. ಪ್ಲೇಗಿನ ಭಯದಿಂದಲೇ ನಗರ ಹೊರಕ್ಕೆ ಹರಡಿತು. ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರ ಬೆಳೆದವು; ದಂಡಿನ ಕಡೆ ಫ್ರೇಜರ್ ಟೌನ್. ಅಲ್ಲಿನ ಪುರಸಭೆಯ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಬೆಂಗಳೂರಿನಲ್ಲಿ ಪ್ಲೇಗು ತಾಗದಂತೆ ಊರು ಕಟ್ಟುವ ಬಗೆಯನ್ನು ಕುರಿತು 1914ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಇಲಿ ಬಿಲ ತೋಡಲಾಗದ ತಳಪಾಯ, ಮನೆಮನೆಗೂ ಗಾಳಿ ಬೆಳಕು, ನೇರ ರಸ್ತೆ: ಮುಖ್ಯ ವಿಚಾರ ಇಷ್ಟೇ. ಇಲಿಗೆ ಸಾಹೇಬರ ಮನೆ, ಆಳಿನ ಮನೆ ಎಂಬ ಭೇದವಿಲ್ಲವಲ್ಲ! ಆಳಿನ ಮನೆಯ ನೆಲ ಹಸಿಮಣ್ಣಾಗಿದ್ದರೆ ಸಾಹೇಬರ ಮಗುವಿಗೂ ಜ್ವರ ಬಂದೀತು. ಹಾಗಾಗಿ ಬಡವನ ಮನೆಯ ತಳಪಾಯದ ಬಗ್ಗೆಯೂ ಯೋಚಿಸಬೇಕಾಯಿತು.

ಈಗ ಬಂಗಲೆಯ ಹಿಂದಕ್ಕೆ ಬನ್ನಿ. ದಂಡಿನ ಆ ಕಾಲದ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನ ನಡುವೆ ಕಿರಿದಾದ ಓಣಿಗಳು ಕಾಣುತ್ತವೆ. ಅವುಗಳ ಹೆಸರು ಕನ್ಸರ್ವೆನ್ಸಿ ಓಣಿ. ಇಂದು ಅಲ್ಲಿ ಬೈಕು ನಿಲ್ಲಿಸುತ್ತಾರೆ, ಕಸ ಸುರಿಯುತ್ತಾರೆ, ಅನುಕೂಲವಿದ್ದವರು ಒಂದಿಷ್ಟು ಒತ್ತುವರಿಯನ್ನೂ ಮಾಡಿಕೊಳ್ಳುತ್ತಾರೆ. ಓಣಿ ಮಾಡಿದ್ದು ಒಳಚರಂಡಿ ಇಲ್ಲದ ಕಾಲದಲ್ಲಿ, ಮನೆಯ ಹಿಂದಿನ ಕಕ್ಕಸಿನಿಂದ ಮಲವನ್ನು ಎತ್ತಿ ಒಯ್ಯುವವರಿಗಾಗಿ. ಅವರು ಮುಂಬಾಗಿಲಲ್ಲಿ ಕಾಣಿಸಿಕೊಳ್ಳುವಂತಿರಲಿಲ್ಲ. ಜಾತಿಯ ಹೆಸರಿನಲ್ಲಿ ಈ ಕೆಲಸಕ್ಕೆ ತಳ್ಳಲ್ಪಟ್ಟ ಅವರಿಗೆಂದೇ ಬೇರೆ ದಾರಿಯನ್ನು ನಕ್ಷೆಯಲ್ಲೇ ಎಳೆದಿಟ್ಟರು. ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಮೊದಲಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಸಂಸತ್ತಿನ ಕಾನೂನು ಬಂದದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಇನ್ನೊಂದು ಬಂತು. ಓಣಿ ಮಾತ್ರ ಇದ್ದಲ್ಲೇ ಇದೆ. ಮುಂದಿನ ಮಂಕಿ ಟಾಪಿನ ಚಿತ್ರ ಬರೆದುಕೊಂಡ ಪುಸ್ತಕದಲ್ಲೇ ಈ ಓಣಿಯ ಚಿತ್ರವನ್ನೂ ಬರೆದುಕೊಳ್ಳಿ. ಎರಡೂ ಒಂದೇ ಮನೆಯ ಭಾಗಗಳು.

ಈ ಅಭ್ಯಾಸದೊಂದಿಗೆ ಮಲೆನಾಡಿಗೆ ಹೋಗೋಣ.

ಕಾಫಿಯನ್ನು ಬ್ರಿಟಿಷರು ತಂದರು ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಬಾಬಾ ಬುಡನ್ 17ನೆಯ ಶತಮಾನದಲ್ಲಿ ಅರಬ್ ನಾಡಿನಿಂದ ಏಳು ಬೀಜ ತಂದರೆಂಬ ಐತಿಹ್ಯ ನಿಮಗೆ ಗೊತ್ತೇ ಇದೆ. ಯೂರೋಪಿಯನ್ನರು ಬರುವ ಮೊದಲೇ ಆ ಗಿರಿಯ ಸುತ್ತಿನ ಜನ ಹಿತ್ತಿಲಲ್ಲಿ ಕಾಫಿ ಬೆಳೆಯುತ್ತಿದ್ದರು. 19ನೆಯ ಶತಮಾನದ ಮೊದಲ ಅರ್ಧದಲ್ಲಿ ಕ್ಯಾನನ್ ಎಂಬಾತ ಗಿರಿಯ ದಕ್ಷಿಣಕ್ಕೆ ದೊಡ್ಡ ತೋಟ ಮಾಡಿದ. 1843ರಲ್ಲಿ ಗ್ರೀನ್ ಎಂಬಾತ ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರದ ಕಡೆ. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ. ಅವರು ತಂದದ್ದು ಗಿಡವನ್ನಲ್ಲ. ನೂರಾರು ಎಕರೆ ಕಾಡು ಕಡಿದು ಒಂದೇ ಬೆಳೆ ಹಾಕಿ ಕೂಲಿಯಾಳುಗಳಿಂದ ದುಡಿಸುವ ಪದ್ಧತಿಯನ್ನು.

ಎಸ್ಟೇಟ್ ಬಂಗಲೆ ಸಾಮಾನ್ಯವಾಗಿ ದಿಣ್ಣೆಯ ಮೇಲಿರುತ್ತದೆ. ಗಾಳಿ ಚೆನ್ನಾಗಿ ಬರುತ್ತದೆ, ನಿಜ. ತಗ್ಗಿನ ಕೆಟ್ಟ ಗಾಳಿಯಿಂದ ಮಲೇರಿಯ ಬರುತ್ತದೆಂಬ ಹಳೆಯ ನಂಬಿಕೆಯೂ ಇತ್ತು. ಮಲೇರಿಯ ಹರಡುವುದು ಗಾಳಿಯಿಂದಲ್ಲ, ಸೊಳ್ಳೆಯಿಂದ ಎಂಬುದಕ್ಕೆ ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಪುರಾವೆ ಕಂಡ. ಅದೇ ರಾಸ್ 1883ರಲ್ಲಿ ನಮ್ಮ ಬೆಂಗಳೂರು ದಂಡಿನಲ್ಲಿ ಸೇನಾ ವೈದ್ಯನಾಗಿದ್ದ. ತನ್ನ ಬಂಗಲೆಯ ಕಿಟಕಿಯಾಚೆ ಇದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡು, ಆ ನೀರು ಚೆಲ್ಲಿಸಿದರೆ ಕಾಟ ಕಡಿಮೆಯಾಗುತ್ತದೆಂದು ಅರಿತದ್ದು ಇಲ್ಲಿಯೇ. ಬಂಗಲೆಯ ಹಿಂಭಾಗವನ್ನು ನೋಡಿದರೆ ವಿಜ್ಞಾನಕ್ಕೂ ಲಾಭವಿದೆ.

ದಿಣ್ಣೆಗೆ ಇನ್ನೊಂದು ಕಾರಣವೂ ಉಂಟು. ವರಾಂಡದಲ್ಲಿ ನಿಂತು ಕೆಳಗೆ ನೋಡಿ: ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ, ಕಾಫಿ ಒಣಹಾಕುವ ಕಣ, ಆಳುಗಳ ಹಾಜರಿ ತೆಗೆದುಕೊಳ್ಳುವ ಅಂಗಳ, ಹಲವು ಕಡೆ ಒಂದೇ ನೋಟಕ್ಕೆ ಸಿಗುತ್ತವೆ. ಕುರ್ಚಿ ಬಿಟ್ಟು ಏಳದೆಯೇ ಕೆಲಸದ ಮೇಲೆ ಕಣ್ಣಿಡಬಹುದು.

ಆಳುಗಳು ಎಲ್ಲಿಂದ ಬಂದರು? ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ, ತಮಿಳು ಸೀಮೆಯಿಂದ, ಮೈಸೂರಿನ ಬಯಲುಸೀಮೆಯಿಂದ. ಕರೆತರುತ್ತಿದ್ದವನು ಮೇಸ್ತ್ರಿ. ಮದುವೆಗೋ ಸಾಲಕ್ಕೋ ಮುಂಗಡ ಹಣ ಕೊಟ್ಟು ಅವರನ್ನು ಹೊರಡಿಸುತ್ತಿದ್ದ. 1859ರ ಒಂದು ಕಾಯಿದೆಯ ಪ್ರಕಾರ, ಮುಂಗಡ ಪಡೆದು ಕೆಲಸಕ್ಕೆ ತಪ್ಪಿಸಿಕೊಂಡವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಹಣ ತೀರಿಸು ಅಥವಾ ಕೆಲಸ ಮಾಡು ಎಂದು ಆದೇಶಿಸಬಹುದಿತ್ತು. ಆದೇಶ ಮೀರಿದರೆ ಜೈಲು. ಆಳು ಮಾತಿಗೆ ತಪ್ಪುವುದು ಅಪರಾಧವಾಗಿತ್ತು! ಈ ಕಾಯಿದೆ 1920ರ ದಶಕದವರೆಗೂ ಉಳಿದಿತ್ತು.

ಅವರು ಇದ್ದದ್ದು ‘ಲೈನ್ ಮನೆ’ಗಳಲ್ಲಿ. ಒಂದೇ ಸೂರಿನ ಕೆಳಗೆ ಸಾಲಾಗಿ ಕೋಣೆಗಳು, ಸಂಸಾರಕ್ಕೊಂದು. ಹಳೆಯ ಲೈನುಗಳನ್ನು ನೋಡುವಾಗ ಕುಕ್ ಟೌನಿನ ಪಾಠವನ್ನು ನೆನಪಿಸಿಕೊಳ್ಳಿ. ಗಾಳಿ ಒಳಗೆ ಬಂದರೆ ಸಾಲದು, ಹೊರಗೆ ಹೋಗಲೂ ದಾರಿ ಬೇಕು. ಮುಂದೊಂದು ಬಾಗಿಲು, ಅದರ ಪಕ್ಕ ಒಂದು ಕಿಟಕಿ, ಹಿಂದೆ ಬರಿಯ ಗೋಡೆ ಇದ್ದರೆ ಗಾಳಿ ಆಡುವುದಿಲ್ಲ, ಒಲೆಯ ಹೊಗೆ ಅಲ್ಲೇ ಸುತ್ತುತ್ತದೆ. ಬಂಗಲೆಯ ಹೆಂಚೂ ಮಂಗಳೂರಿನದೇ, ಲೈನಿನ ಹೆಂಚೂ ಮಂಗಳೂರಿನದೇ ಆಗಿರಬಹುದು. ಕಟ್ಟಿದವನಿಗೆ ಗಾಳಿಯ ನಿಯಮ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ನೂರು ಗಜ ಮೇಲೆ ಅದನ್ನು ಚೆನ್ನಾಗಿಯೇ ಬಳಸಿದ್ದಾನೆ. ಸ್ವಾತಂತ್ರ್ಯದ ನಂತರ, 1951ರ ತೋಟ ಕಾರ್ಮಿಕರ ಕಾಯಿದೆ ಮನೆಯನ್ನೂ ವೈದ್ಯಕೀಯ ನೆರವನ್ನೂ ಒದಗಿಸುವುದು ಮಾಲೀಕರ ಹೊಣೆ ಎಂದು ವಿಧಿಸಿತು. ಎಸ್ಟೇಟುಗಳು ಕ್ರಮೇಣ ಭಾರತೀಯರ ಕೈಗೆ ಬಂದವು. ಎಷ್ಟೋ ಕಡೆ ಲೈನುಗಳು ಸುಧಾರಿಸಿವೆ. ಸುಧಾರಿಸದೆ ಉಳಿದವನ್ನೂ ನಾನು ನೋಡಿದ್ದೇನೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ತೋಟದ ಬಂಗಲೆಯನ್ನು ಚಿತ್ರೀಕರಿಸಲು ಹೋಗಿದ್ದೆ. ಎರಡು ದಿನ ವರಾಂಡ, ಮೆಟ್ಟಿಲು, ಅಗ್ಗಿಷ್ಟಿಕೆ ಎಲ್ಲವನ್ನೂ ತೆಗೆದೆವು. ಹೊರಡುವಾಗ ಕಣದಲ್ಲಿ ಕಾಫಿ ಕೈಯಾಡಿಸುತ್ತಿದ್ದ ಒಬ್ಬ ಅಜ್ಜಿ, “ಏನ್ ಸಾರ್, ನಮ್ ಕಡೆ ಬರ್ಲೇ ಇಲ್ವಲ್ಲ? ಆ ಮನೆಗಿಂತ ಮುಂಚೆ ಬಂದಿದ್ದು ನಮ್ ಲೈನು, ನಮ್ಮಜ್ಜ ಹೇಳ್ತಿದ್ದ” ಎಂದರು. ಬೆಳಕು ಹೋಗುತ್ತಿದೆ ಎಂಬ ನೆಪ ಹೇಳಿ ವ್ಯಾನು ಹತ್ತಿದೆ. ಆಮೇಲೆ ಯೋಚಿಸಿದರೆ ಅವರ ಮಾತು ನಿಜವೇ ಇರಬೇಕು. ಕಾಡು ಕಡಿಯಲು, ಕಲ್ಲು ಹೊರಲು ಮೊದಲು ಆಳುಗಳು ಬರಬೇಕು, ಅವರಿಗೆ ತಂಗಲು ಜಾಗ ಬೇಕು. ಬಂಗಲೆ ಎದ್ದದ್ದು ಆಮೇಲೆ. ಆ ಕಂತು ಹಾಗೆಯೇ ಪ್ರಸಾರವಾಯಿತು, ಅಜ್ಜಿಯ ಲೈನು ಇಲ್ಲದೆ.

ನೀವು ಹೋಗುವಾಗ ಒಂದು ಅಳತೆ ಟೇಪು, ಒಂದು ನೋಟ್ ಪುಸ್ತಕ ಇಟ್ಟುಕೊಳ್ಳಿ. ಬಂಗಲೆಯ ಒಂದು ಕೋಣೆಯ ಉದ್ದಗಲವನ್ನೂ ಕಿಟಕಿಗಳ ಅಳತೆಯನ್ನೂ ಬರೆದುಕೊಳ್ಳಿ. ನೆಲದ ವಿಸ್ತೀರ್ಣಕ್ಕೆ ಕಿಟಕಿ, ವೆಂಟಿಲೇಟರುಗಳ ವಿಸ್ತೀರ್ಣ ಎಷ್ಟು ಪಾಲು ಎಂದು ಲೆಕ್ಕ ಹಾಕಿ. ಆಮೇಲೆ ತೋಟದ ರೈಟರ ಒಪ್ಪಿಗೆ ಪಡೆದು, ಮನೆಯವರನ್ನೂ ಕೇಳಿ, ಲೈನಿನ ಒಂದು ಕೋಣೆಗೂ ಇದೇ ಲೆಕ್ಕ ಮಾಡಿ. ಅದು ವಸ್ತುಸಂಗ್ರಹಾಲಯವಲ್ಲ, ಜನ ಬಾಳುತ್ತಿರುವ ಮನೆ. ಕೇಳದೆ ಫೋಟೋ ತೆಗೆಯಬೇಡಿ. ನವೆಂಬರಿನಿಂದ ಫೆಬ್ರವರಿಯವರೆಗೆ ಕೊಯ್ಲಿನ ಕಾಲ. ಆಗ ಹೋದರೆ ಕಣ ಕೆಂಪು ಹಣ್ಣಿನಿಂದ ತುಂಬಿರುತ್ತದೆ, ಆದರೆ ಹಗಲಿನಲ್ಲಿ ಲೈನಿನಲ್ಲಿ ಯಾರೂ ಸಿಗುವುದಿಲ್ಲ. ಸಂಜೆ ಐದರ ನಂತರ ಹೋಗಿ.