ಕಳ್ಳು ಚುರ್ ಎನ್ನುವ ದೂರ

ಬಳ್ಳಾರಿ ಜಿಲ್ಲೆಯ ರೂಪನಗುಡಿ ಸೀಮೆಯಲ್ಲಿ ಯಾರದೋ ಕೂಸು ಎಡವಿ ಬಿದ್ದು ಮಂಡಿ ಕೆತ್ತಿಕೊಂಡರೆ, ನೋಡಿದ ಹೆಣ್ಣುಮಗಳ ಬಾಯಿಂದ ಬರುವ ಮಾತು ‘ಕಳ್ಳು ಚುರ್ ಅಂತು’ ಎಂದು. ಕಳ್ಳು ಎಂದರೆ ಕರುಳು. ಗಾಯ ಕೂಸಿನ ಮಂಡಿಯಲ್ಲಿ, ಉರಿ ನೋಡಿದವಳ ಹೊಟ್ಟೆಯಲ್ಲಿ. ತಾಯಿಯ ಪ್ರೀತಿಗೆ ಹೆತ್ತ ಕರುಳು ಅನ್ನುತ್ತೇವೆ, ದಯೆಯಿಲ್ಲದವನನ್ನು ಕರುಳಿಲ್ಲದವನು ಅನ್ನುತ್ತೇವೆ. ಇದು ಮಾತಿನ ಚಂದಕ್ಕೆ ಹುಟ್ಟಿದ್ದೆಂದು ನಾನು ಬಹಳ ದಿನ ತಿಳಿದಿದ್ದೆ. ಮಿದುಳಿನ ವಿಜ್ಞಾನ ಓದಿದ ಮೇಲೆ ಹಾಗೆ ಅನ್ನಿಸುತ್ತಿಲ್ಲ.

2004ರಲ್ಲಿ ಲಂಡನ್ನಿನ ತಾನಿಯಾ ಸಿಂಗರ್ ಮತ್ತು ಸಂಗಡಿಗರು 16 ಜೋಡಿಗಳನ್ನು ಕರೆಸಿ ಒಂದು ಪ್ರಯೋಗ ಮಾಡಿದರು. ಹೆಣ್ಣು ಸ್ಕ್ಯಾನರ್ ಒಳಗೆ ಮಲಗಿದ್ದಳು, ಅವಳ ಪ್ರೀತಿಯ ಗಂಡು ಪಕ್ಕದಲ್ಲಿ ಕೂತಿದ್ದ. ಒಮ್ಮೆ ಅವಳ ಕೈಗೆ, ಒಮ್ಮೆ ಅವನ ಕೈಗೆ ವಿದ್ಯುತ್ ಚುಚ್ಚು. ಈ ಸಲ ಯಾರ ಸರದಿ ಎಂಬುದು ಮುಂದಿನ ಪರದೆಯ ಗುರುತಿನಿಂದ ಅವಳಿಗೆ ತಿಳಿಯುತ್ತಿತ್ತು. ಅವನ ಕೈಗೆ ಚುಚ್ಚಿದಾಗಲೂ ಅವಳ ಮಿದುಳಿನ ಇನ್ಸುಲಾ ಎಂಬ ಮಡಿಕೆಯ ಮುಂಭಾಗ ಮತ್ತು ಸಿಂಗ್ಯುಲೇಟ್ ಎಂಬ ಪಟ್ಟಿಯ ಒಂದು ಭಾಗ, ತನಗೇ ನೋವಾದಾಗ ಎಚ್ಚೆತ್ತಂತೆ ಎಚ್ಚೆತ್ತವು. ನೋವು ಕೈಯ ಯಾವ ಜಾಗದಲ್ಲಿ, ಎಷ್ಟು ಚೂಪು ಎಂದು ಗುರುತಿಸುವ ಭಾಗ ಮಾತ್ರ ಸುಮ್ಮನಿತ್ತು. ಬೇರೆಯವರ ನೋವಿನಲ್ಲಿ ನಮಗೆ ದಾಟಿ ಬರುವುದು ಗಾಯವಲ್ಲ, ಸಂಕಟ. ಎದೆಬಡಿತ, ಉಸಿರು, ಹೊಟ್ಟೆಯ ಹಸಿವು, ಕರುಳಿನ ಹಿಂಡುವಿಕೆ, ಇವೆಲ್ಲದರ ಸುದ್ದಿ ಮಿದುಳಿನಲ್ಲಿ ಬಂದು ಸೇರುವ ಮುಖ್ಯ ಜಾಗವೇ ಆ ಇನ್ಸುಲಾ. ‘ಕಳ್ಳು ಚುರ್ ಅಂತು’ ಎಂದವಳು ತನ್ನ ಮೈಯೊಳಗೆ ನಡೆದದ್ದನ್ನು ಇದ್ದ ಹಾಗೆಯೇ ಹೇಳಿದ್ದಾಳೆ.

ಬೇರೆಯವರ ನೋವು ನಮಗೂ ತಾಗುತ್ತದೆ ಎಂದು ಕಂಡುಕೊಂಡವರು ಸ್ಕ್ಯಾನರ್ ಬರುವ ಮೊದಲೂ ಇದ್ದರು. ಬಳ್ಳಾರಿಯಿಂದ ಗುಂತಕಲ್ಲಿನ ದಾರಿ ಹಿಡಿದು ಗುತ್ತಿಯ ಕಡೆ ಹೋದರೆ, ಅದರ ಹತ್ತಿರ ಎರ್ರಗುಡಿಯ ಬಂಡೆಗಳು ಸಿಗುತ್ತವೆ. ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕ ಅಲ್ಲಿ ಬರೆಸಿದ ಹದಿನಾಲ್ಕು ಶಾಸನಗಳಲ್ಲಿ ಹದಿಮೂರನೆಯದು ಕಳಿಂಗ ಯುದ್ಧದ ಲೆಕ್ಕ: ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನರನ್ನು ಊರು ಬಿಡಿಸಿ ಸಾಗಿಸಲಾಯಿತು. ಯುದ್ಧದಲ್ಲಿ ತಮಗೇನೂ ಆಗದೆ ಉಳಿದವರನ್ನೂ ಅವನು ನೊಂದವರ ಲೆಕ್ಕಕ್ಕೇ ಸೇರಿಸುತ್ತಾನೆ. ಅವರ ಗೆಳೆಯರಿಗೆ, ನಂಟರಿಗೆ ಕೇಡು ಬಂದಿದೆ, ಪ್ರೀತಿ ಕಡಿಮೆಯಾಗದ ಕಾರಣ ಆ ಪೆಟ್ಟು ಇವರಿಗೂ ಬಿದ್ದಿದೆ ಎಂಬುದು ಅವನು ಕೊಡುವ ಕಾರಣ. ಗೆದ್ದ ರಾಜನೊಬ್ಬ ಕಲ್ಲಿನ ಮೇಲೆ ಇಂಥ ಲೆಕ್ಕ ಬರೆಸಿದ ಇನ್ನೊಂದು ಉದಾಹರಣೆ ನಾನು ಕಂಡಿಲ್ಲ.

ಆದರೆ ಆ ಶಾಸನದಲ್ಲೇ ಕಾಡಿನ ಜನರಿಗೆ ಒಂದು ಎಚ್ಚರಿಕೆಯೂ ಇದೆ. ದೇವಾನಾಂಪ್ರಿಯ, ಅಂದರೆ ಅಶೋಕ, ಮರುಗುತ್ತಿದ್ದಾನೆ ನಿಜ, ಅವನ ಕೈಯಲ್ಲಿ ಬಲವೂ ಇದೆ, ತಪ್ಪು ತಿದ್ದಿಕೊಳ್ಳಿ ಎಂದು. ಪಶ್ಚಾತ್ತಾಪಪಟ್ಟ ಅಶೋಕನ ಕರುಳಿಗೂ ಒಂದು ಗಡಿ ಇತ್ತು.

ನೀತಿಯ ಅಡಿಗಲ್ಲು ಯಾವುದು ಎಂದು ಕೇಳುವವರು ಈ ಗಡಿಯ ಹತ್ತಿರವೇ ಬಂದು ನಿಲ್ಲುತ್ತಾರೆ. ಸ್ಕಾಟ್ಲೆಂಡಿನ ಆಡಂ ಸ್ಮಿತ್ 18ನೇ ಶತಮಾನದಲ್ಲಿ, ದೂರದ ಚೀನಾ ಭೂಕಂಪದಲ್ಲಿ ಮುಳುಗಿದರೂ ಯುರೋಪಿನವನು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾನೆ, ನಾಳೆ ತನ್ನ ಕಿರುಬೆರಳು ಹೋಗುತ್ತದೆ ಎಂದರೆ ರಾತ್ರಿಯಿಡೀ ಹೊರಳಾಡುತ್ತಾನೆ ಎಂದ. 2010ರಲ್ಲಿ ಸಿಂಗರ್ ಅವರ ಬಳಗ ಫುಟ್‌ಬಾಲ್ ಅಭಿಮಾನಿಗಳನ್ನು ಪರೀಕ್ಷಿಸಿದಾಗ, ತಮ್ಮ ತಂಡದವನ ನೋವಿಗೆ ಎಚ್ಚೆತ್ತಷ್ಟು ಇನ್ಸುಲಾ ಎದುರು ತಂಡದವನ ನೋವಿಗೆ ಎಚ್ಚರಾಗಲಿಲ್ಲ. ಬರೀ ಕರುಳನ್ನು ನಂಬಿ ನ್ಯಾಯ ಕಟ್ಟಲು ಹೋದರೆ ಅದು ನಮ್ಮ ಓಣಿಯ ಕೊನೆಯಲ್ಲಿ ನಿಂತುಬಿಡುತ್ತದೆ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ಕರುಳನ್ನು ಬದಿಗಿಟ್ಟು ಕರ್ತವ್ಯವನ್ನು ಮುಂದಿಟ್ಟ.

ನನಗೆ ಕಾಂಟನಿಗಿಂತ ಹೆಚ್ಚು ಭರವಸೆ ಕೊಟ್ಟದ್ದು ಇಲಿಗಳು. 2011ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಇನ್ಬಾಲ್ ಬೆನ್-ಅಮಿ ಬಾರ್ತಲ್, ಜೀನ್ ಡೆಸೆಟಿ, ಪೆಗ್ಗಿ ಮೇಸನ್ ಅವರು, ಕೊಳವೆಯಲ್ಲಿ ಸಿಕ್ಕಿಬಿದ್ದ ಜೊತೆಗಾರನನ್ನು ಇಲಿ ಬಾಗಿಲು ತೆರೆದು ಬಿಡಿಸುತ್ತದೆ ಎಂದು ತೋರಿಸಿದರು. 2014ರ ಮುಂದಿನ ಪ್ರಯೋಗದಲ್ಲಿ ಒಂದು ತೊಡಕು ಕಂಡಿತು. ಬಿಳಿ ಇಲಿಗಳು ಅಪರಿಚಿತ ಬಿಳಿ ಇಲಿಯನ್ನು ಬಿಡಿಸಿದವು, ಕಪ್ಪು ತಲೆಯ ಬೇರೆ ತಳಿಯನ್ನು ಬಿಡಿಸಲಿಲ್ಲ. ಎರಡು ವಾರ ಒಂದು ಕಪ್ಪು ತಲೆಯ ಇಲಿಯ ಜೊತೆ ಒಂದೇ ಪಂಜರದಲ್ಲಿ ಇದ್ದ ಮೇಲೆ, ಆ ತಳಿಯ ಅಪರಿಚಿತ ಇಲಿಗಳನ್ನೂ ಬಿಡಿಸತೊಡಗಿದವು. ಹುಟ್ಟಿನಿಂದ ಕಪ್ಪು ತಲೆಯವುಗಳ ನಡುವೆ ಬೆಳೆದ ಬಿಳಿ ಇಲಿಯಂತೂ ಅವುಗಳನ್ನೇ ಬಿಡಿಸಿತು, ತನ್ನದೇ ಬಿಳಿ ತಳಿಯನ್ನು ಬಿಡಿಸಲಿಲ್ಲ. ಯಾರ ಸಂಕಟ ನನ್ನದು ಎಂಬುದನ್ನು ಅಲ್ಲಿ ರಕ್ತ ತೀರ್ಮಾನಿಸಲಿಲ್ಲ, ಒಟ್ಟಿಗೆ ಬಾಳಿದ ದಿನಗಳು ತೀರ್ಮಾನಿಸಿದವು.

ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಹಳ್ಳಿಗಳ ನಕ್ಷೆ. ಊರು ಒಂದು ಕಡೆ, ಕೇರಿ ಇನ್ನೊಂದು ಕಡೆ. ಇಲಿ ಮನುಷ್ಯನಲ್ಲ, ಒಂದರ ಪಾಠವನ್ನು ಇನ್ನೊಂದಕ್ಕೆ ನೇರ ಅಂಟಿಸಬಾರದು, ಒಪ್ಪುತ್ತೇನೆ. ಆದರೂ ಒಂದೇ ನೀರು, ಒಂದೇ ಪಂಕ್ತಿ ಕಾಣದೆ ಬೆಳೆದ ಮಕ್ಕಳಿಗೆ ಆಚೆಯವರ ನೋವು ಕಿವಿಗೆ ಬಿದ್ದೀತು, ಕರುಳಿಗೆ ಬೀಳುವುದು ಕಷ್ಟ. ದಲಿತರ ಮೇಲೆ ದೌರ್ಜನ್ಯವಾದ ಊರಿನಲ್ಲಿ ಒಳ್ಳೆಯವರೆನಿಸಿಕೊಂಡವರೂ ಬಾಗಿಲು ಹಾಕಿಕೊಂಡು ಕೂರುವುದಕ್ಕೆ ಭಯದ ಜೊತೆ ಇದೂ ಒಂದು ಕಾರಣ.

ಈ ದೂರ ದಾಟುವ ಪ್ರಯತ್ನ ನಮ್ಮ ಸೀಮೆಯ ಕಲ್ಲುಗಳ ಮೇಲೂ ಇದೆ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದಲ್ಲಿ 1970ರ ದಶಕದ ಕೊನೆಗೆ ಬೆಳಕಿಗೆ ಬಂದ ಅಶೋಕನ ಕಿರು ಶಾಸನಗಳಿವೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅಶೋಕ ಎಂಬ ಹೆಸರೇ ಇರುವ ಕೆಲವೇ ಶಾಸನಗಳಲ್ಲಿ ಈ ಎರಡೂ ಸೇರಿವೆ. ತಂದೆತಾಯಿಯ ಮಾತು ಕೇಳಿ, ಜೀವಿಗಳಲ್ಲಿ ದಯೆಯಿಡಿ, ಸತ್ಯ ನುಡಿಯಿರಿ ಎಂಬುದು ಈ ಕಿರು ಶಾಸನಗಳ ತಿರುಳು. ಎರ್ರಗುಡಿಯಲ್ಲೂ ಇರುವ ಇದೇ ಕಿರು ಶಾಸನದ ಪಾಠದಲ್ಲಿ ಇದನ್ನು ಜನಕ್ಕೆ ಮುಟ್ಟಿಸುವ ವಿಧಾನವೂ ಇದೆ: ರಜ್ಜುಕ ಎಂಬ ಅಧಿಕಾರಿ ಭೇರಿ ಹೊಡೆಸಿ ಸಾರಬೇಕು, ಮಾವುತರಿಗೂ ಲಿಪಿಕಾರರಿಗೂ ಕಲಿಸಬೇಕು. ಮನೆಯೊಳಗೆ ತಾನಾಗಿ ಹುಟ್ಟುವ ಕರುಣೆ ಊರಾಚೆಗೆ ಹೋಗಬೇಕಾದರೆ ಡಂಗುರ ಬೇಕಾಯಿತು.

ರೂಪನಗುಡಿ ಹೋಬಳಿಯ ಮೇಷ್ಟ್ರುಗಳಲ್ಲಿ, ಟೀಚರಮ್ಮಂದಿರಲ್ಲಿ ನನ್ನದೊಂದು ಬೇಡಿಕೆ. ಈ ವರ್ಷ ಮಕ್ಕಳನ್ನು ನಿಟ್ಟೂರಿಗೆ ಕರೆದುಕೊಂಡು ಹೋಗಿ. ಬಸ್ಸಿನ ಒಂದೇ ಸೀಟಿನಲ್ಲಿ ಊರಿನ ಮಗು, ಕೇರಿಯ ಮಗು ಜೊತೆಯಾಗಿ ಕೂರಲಿ. ಕಟ್ಟಿಕೊಂಡು ಹೋದ ಬುತ್ತಿಯನ್ನು ಬಂಡೆಯ ಹತ್ತಿರ ಬಿಚ್ಚಿಸಿ, ಹಂಚಿ ಉಣ್ಣಿಸಿ ಕರೆತನ್ನಿ.