ಬಾಗಿಲ ಬಳಿಯ ತೂಕದ ಯಂತ್ರ

ಬೆಂಗಳೂರಿನ ಆಸ್ಪತ್ರೆಯೊಂದರ ಮನೋವೈದ್ಯ ವಿಭಾಗ. ಬೆಳಿಗ್ಗೆ ಎಂಟೂವರೆಗೇ ಬೆಂಚುಗಳು ತುಂಬಿವೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಹಳೆಯ ಚೀಟಿಗಳು, ತೊಡೆಯ ಮೇಲೆ ನೀರಿನ ಬಾಟಲಿ, ಯಾರದೋ ಬುತ್ತಿಯಿಂದ ಚಿತ್ರಾನ್ನದ ಘಮ. ಡಾಕ್ಟರ ಕೋಣೆಯ ಬಾಗಿಲ ಬಳಿ ಒಂದು ತೂಕದ ಯಂತ್ರ. ಹೆಸರು ಕೂಗಿಸಿಕೊಂಡವರು ಚಪ್ಪಲಿ ಬಿಟ್ಟು ಅದರ ಮೇಲೆ ನಿಂತೇ ಒಳಗೆ ಹೋಗಬೇಕು. ಸಿಸ್ಟರ್ ಕೈಯಲ್ಲಿ ಟೈಲರ್ ಅಂಗಡಿಯಲ್ಲಿರುವಂಥ ಟೇಪು. ತೂಕ ಬರೆದುಕೊಂಡ ಮೇಲೆ ಸೊಂಟದ ಸುತ್ತಳತೆ.

‘ತಲೆಗೆ ತೋರ್ಸೋಕ್ ಬಂದ್ರೆ ಸೊಂಟ ಯಾಕವ್ವ ಅಳೀತಾರೆ?’ ಪಕ್ಕದಲ್ಲಿ ಕೂತ ಅಜ್ಜಿ ನನ್ನನ್ನು ಕೇಳಿದರು. ಎರಡು ವರ್ಷದ ಹಿಂದೆ ನನಗೂ ಇದು ತಿಳಿದಿರಲಿಲ್ಲ.

ನನ್ನ ತಮ್ಮ ಯಂತ್ರವನ್ನು ಹತ್ತಿದ. ಮುಳ್ಳು ತೂಗಾಡಿ 81ಕ್ಕೆ ನಿಂತಿತು. ಕಾಯಿಲೆ ಶುರುವಾದಾಗ ಅವನು 62 ಕೆ.ಜಿ. ಕಿವಿಯಲ್ಲಿ ಯಾರೋ ಬೈಯುತ್ತಾರೆಂದು ಬಾಗಿಲು ಹಾಕಿಕೊಂಡು, ಊಟ ಬಿಟ್ಟು ಕೂರುತ್ತಿದ್ದ. ಒಲಾಂಜಪಿನ್ ಮಾತ್ರೆ ಆ ದನಿಗಳನ್ನು ಅಡಗಿಸಿತು. ಮೊದಲ ತಿಂಗಳು ಅವನು ಇನ್ನೊಂದು ಸಲ ಅನ್ನ ಕೇಳಿದಾಗ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಡಿಸಿದಳು. ಆರನೆಯ ತಿಂಗಳ ಹೊತ್ತಿಗೆ ನಡುರಾತ್ರಿ ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆಯುವ ಸದ್ದು. ನಾವು ಬೈದೆವು. ‘ಬಾಯಿಗೆ ಬೀಗ ಹಾಕ್ಕೋ’ ಎಂದರು ಮಾವ. ಅವನು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟ. ಕೆಲವೇ ವಾರಗಳಲ್ಲಿ ದನಿಗಳು ಮರಳಿ ಬಂದವು; ಅದೇ ಮಾತ್ರೆ ಮತ್ತೆ ಶುರುವಾಯಿತು.

ಆಮೇಲೆ ಸಿಕ್ಕವರು ಈ ಡಾಕ್ಟರು. ಮೊದಲ ದಿನವೇ ಪೆನ್ನು ಕೆಳಗಿಟ್ಟು ಕೇಳಿದ್ದರು: ‘ಹಸಿವು ಹೇಗಪ್ಪಾ? ಹೊಟ್ಟೆ ತುಂಬ್ತು ಅನ್ಸುತ್ತಾ?’

‘ಅನ್ಸಲ್ಲ ಸಾರ್. ತಿಂದೆದ್ರೂ ಬೇಕು ಅನ್ಸುತ್ತೆ.’

ಡಾಕ್ಟರು ನನ್ನ ಕಡೆ ತಿರುಗಿದರು. ‘ನೋಡಮ್ಮ, ಇದು ಚಪಲ ಅಲ್ಲ.’ ಮೆದುಳಿನ ತಳದಲ್ಲಿ ಬಾದಾಮಿಯಷ್ಟು ದೊಡ್ಡ ಜಾಗ, ಹೈಪೋಥಲಾಮಸ್. ಹಸಿವಿನ ಲೆಕ್ಕ ನಡೆಯುವುದು ಅಲ್ಲಿ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಪ್ಟಿನ್ ಎಂಬ ಹಾರ್ಮೋನಿನ ಜೀನನ್ನು ಗುರುತಿಸಿದ ಮೇಲೆ, ಮೈಯಲ್ಲಿರುವ ಕೊಬ್ಬೇ ಮೆದುಳಿಗೆ ಸುದ್ದಿ ಕಳಿಸುತ್ತದೆ ಎಂಬುದು ಸ್ಪಷ್ಟವಾಯಿತು. ದನಿಗಳನ್ನು ಅಡಗಿಸುವ ಮಾತ್ರೆ ಹಿಸ್ಟಮಿನ್, ಸೆರೊಟೋನಿನ್‌ಗಳ ಕೆಲವು ದಾರಿಗಳನ್ನೂ ಮುಚ್ಚುತ್ತದೆ. ಆಗ ‘ಸಾಕು’ ಎನ್ನುವ ಸುದ್ದಿ ಮಂಕಾಗುತ್ತದೆ. ಇದನ್ನು ಕೇಳುತ್ತ ತಮ್ಮ ತಲೆ ತಗ್ಗಿಸಿದ್ದ. ಅಷ್ಟು ದಿನ ನಾವು ಬೈದದ್ದು ಕಾಯಿಲೆಯಿಂದ ಎದ್ದ ಹುಡುಗನನ್ನು.

ಬೇರೆ ಮಾತ್ರೆಗೆ ಬದಲಿಸಬಹುದಿತ್ತು. ಅರಿಪಿಪ್ರಜೋಲ್‌ನಿಂದ ತೂಕ ಅಷ್ಟಾಗಿ ಏರುವುದಿಲ್ಲ. ಆದರೆ ಒಮ್ಮೆ ಮರುಕಳಿಸಿದ ಕಾಯಿಲೆಯನ್ನು ಮತ್ತೆ ಕೆಣಕುವುದು ಡಾಕ್ಟರಿಗೆ ಬೇಡವಾಗಿತ್ತು. ತೂಕ ಹತೋಟಿಗೆ ಬರಲೆಂದು ಸಕ್ಕರೆ ಕಾಯಿಲೆಯ ಹಳೆಯ ಮಾತ್ರೆ ಮೆಟ್‌ಫಾರ್ಮಿನ್ ಜೊತೆಗೆ ಬರೆದರು. ರಕ್ತದ ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿದರು. ಒಂದು ನೋಟ್‌ಬುಕ್ ಇಡಲು ಹೇಳಿದರು. ಏನು ತಿಂದೆ ಎಂಬುದರ ಪಕ್ಕದಲ್ಲೇ ಆಗ ಮನಸ್ಸು ಹೇಗಿತ್ತು ಎಂಬುದನ್ನೂ ಬರೆಯಬೇಕು. ಮೊದಲ ವಾರದ ಪುಟದಲ್ಲಿ ಅವನ ಓರೆ ಅಕ್ಷರ: ‘ರಾತ್ರಿ 2. ಬನ್ನು ಮೂರು. ನಿದ್ದೆ ಬರಲಿಲ್ಲ. ಒಬ್ಬನೇ ಇದ್ದೆ.’

ಆ ಸಾಲಿನ ಮೇಲೆ ಡಾಕ್ಟರು ಬಹಳ ಹೊತ್ತು ಮಾತಾಡಿದರು. ಬನ್ನಿನ ಸುದ್ದಿ ಎತ್ತಲೇ ಇಲ್ಲ. ನಿದ್ದೆಯನ್ನು ಕೇಳಿದರು, ಒಂಟಿತನವನ್ನು ಕೇಳಿದರು, ಗೊರಕೆ ಹೊಡೆಯುತ್ತಾನಾ ಎಂದು ನನ್ನನ್ನು ಕೇಳಿದರು. ರಾತ್ರಿ ಎದ್ದು ತಿನ್ನುವುದನ್ನು ಆಲ್ಬರ್ಟ್ ಸ್ಟಂಕರ್ಡ್ ಎಂಬ ಅಮೆರಿಕದ ಮನೋವೈದ್ಯ 1955ರಲ್ಲೇ ಒಂದು ತೊಂದರೆಯೆಂದು ಗುರುತಿಸಿ ಬರೆದಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ ಹೊಟ್ಟೆಬಾಕತನ ಎಂಬ ಹೆಸರೊಂದೇ ಇತ್ತು.

ಕಾರಿಡಾರಿನ ಆ ತುದಿ ನರರೋಗ ವಿಭಾಗ. ಅಲ್ಲಿಯೂ ಒಂದು ತೂಕದ ಯಂತ್ರ. ಕಾಫಿಗೆ ಹೋದಾಗ ಪರಿಚಯವಾದ ಇಪ್ಪತ್ತೆಂಟರ ಹುಡುಗಿಗೆ ಬೆಳಿಗ್ಗೆ ಏಳುವಾಗಲೇ ತಲೆನೋವು, ಬಗ್ಗಿದರೆ ಕಣ್ಣಿಗೆ ಕತ್ತಲೆ, ಕಿವಿಯೊಳಗೆ ನಾಡಿಯ ಲಯಕ್ಕೆ ಸುಯ್ ಸುಯ್ ಸದ್ದು. ತಲೆಬುರುಡೆಯೊಳಗಿನ ನೀರಿನ ಒತ್ತಡ ಏರಿ ಕಣ್ಣಿನ ನರ ಊದಿಕೊಂಡಿತ್ತು. ಹೆಚ್ಚಾಗಿ ತೂಕ ಏರಿದ ಎಳೆಯ ವಯಸ್ಸಿನ ಹೆಂಗಸರಿಗೆ ಬರುವ ಕಾಯಿಲೆ ಇದು; ಬಿಟ್ಟರೆ ದೃಷ್ಟಿಯೇ ಹೋಗಬಹುದು. ಮಾತ್ರೆಯ ಜೊತೆಗೆ ತೂಕ ಇಳಿಸುವುದೂ ಇದಕ್ಕೆ ಔಷಧಿಯೇ. ‘ಡಾಕ್ಟ್ರು ದಪ್ಪ ಅಂತ ಒಂದ್ಸಲಾನೂ ಅನ್ಲಿಲ್ಲ ಅಕ್ಕ, ಕಣ್ಣು ಉಳಿಸ್ಕೊಳ್ಳೋಣ ಅಂದ್ರು’ ಎಂದಳು. ಫಿಟ್ಸ್, ಮೈಗ್ರೇನಿಗೆ ಕೊಡುವ ಮಾತ್ರೆಗಳಲ್ಲೂ ವಾಲ್‌ಪ್ರೊಯೇಟ್ ತೂಕ ಏರಿಸಬಹುದು, ಟೊಪಿರಮೇಟ್ ಇಳಿಸಬಹುದು. ಯಾರಿಗೆ ಯಾವುದು ಎಂದು ನರರೋಗ ತಜ್ಞರು ತೂಗಿ ನೋಡಿ ಬರೆಯುತ್ತಾರೆ.

ತಮ್ಮ ಹೊರಗೆ ಬಂದ. ಸಿಸ್ಟರ್ ಬರೆದ ಚೀಟಿ ತೋರಿಸಿದ: ಹೋದ ತಿಂಗಳಿಗಿಂತ ಒಂದೂವರೆ ಕೆ.ಜಿ. ಕಡಿಮೆ, ಸೊಂಟ 96 ಸೆಂಟಿಮೀಟರ್. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು ಎನ್ನುತ್ತಾರೆ. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೆ ಹೃದ್ರೋಗದಂಥ ದೇಹದ ಕಾಯಿಲೆಗಳೇ ದೊಡ್ಡ ಕಾರಣ. ಸೊಂಟ ಅಳೆಯುವುದು ಯಾಕೆಂದು ಅಜ್ಜಿಗೆ ಇಷ್ಟನ್ನು ಹೇಳಿದೆ.

ನಿಮ್ಮ ಮನೆಯಲ್ಲೂ ಇಂಥ ಮಾತ್ರೆ ತೆಗೆದುಕೊಳ್ಳುವವರಿದ್ದರೆ, ಬೈಯಬೇಡಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮೊದಲ ತಿಂಗಳಿನಿಂದಲೇ ತೂಕ ನೋಡಿ ಎಂದು ಡಾಕ್ಟರನ್ನು ಕೇಳಿ.